ಇಬ್ಬರೇ ಬೋಟಿನಲ್ಲಿ: ನಾರ್ಫೋಕ್‌ನಿಂದ ಬೋಫರ್ಟ್‌ವರೆಗೆ, ದಾರಿಯಲ್ಲಿ ಸ್ನೇಹಿತರನ್ನು ನೋಡಿಕೊಂಡು

ಅಮೆರಿಕದ ಪೂರ್ವ ಕರಾವಳಿ ಕಡೆ ಇರುವ ಕನ್ನಡದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಗಂಡ ಹೆಂಡತಿ ಇಬ್ಬರೇ ಮೋಟರ್‌ಬೋಟಿನಲ್ಲಿ ಒಂದು ವಾರ ಹೋಗಿ ಬರಬಹುದಾ? ಲೈಸೆನ್ಸ್ ಬೇಕಾ? ಸಮುದ್ರಕ್ಕೆ ಇಳಿಯಲೇಬೇಕಾ? ದಾರಿಯಲ್ಲಿ ಸ್ನೇಹಿತರನ್ನು ನೋಡೋದು ಹೇಗೆ? ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ.

ಮೊದಲು ಚುಟುಕಾಗಿ ಉತ್ತರ. ಹೋಗಬಹುದು. ಸಮುದ್ರಕ್ಕೆ ಇಳಿಯಬೇಕಿಲ್ಲ. ಲೈಸೆನ್ಸ್ ಬೇಡ, ಆದರೆ ಒಂದು ಸರ್ಟಿಫಿಕೇಟ್ ಬೇಕು. ಸ್ನೇಹಿತರನ್ನು ಖಂಡಿತ ನೋಡಬಹುದು. ಆದರೆ "ಶನಿವಾರ ಮಧ್ಯಾಹ್ನ ಊಟಕ್ಕೆ ಇಂಥ ಊರಲ್ಲಿ ಇರ್ತೀವಿ" ಅಂತ ಮಾತ್ರ ಯಾರಿಗೂ ಮಾತು ಕೊಡಬೇಡಿ. ಈ ದಾರಿಯಲ್ಲಿ ಜನ ತೊಂದರೆಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಕ್ಯಾಲೆಂಡರ್ ನೋಡಿ ಹೊರಟಾಗ. ಮುಂದಿನ ಹಂತಗಳನ್ನು ಓದುವಾಗ ಇದು ತಲೆಯಲ್ಲಿರಲಿ.

1. ದಾರಿ ಮತ್ತು ತಿಂಗಳು ಗೊತ್ತುಮಾಡಿಕೊಳ್ಳಿ

ನಾನು ಹೇಳುತ್ತಿರುವ ಜಲಮಾರ್ಗದ ಹೆಸರು ಇಂಟ್ರಾಕೋಸ್ಟಲ್ ವಾಟರ್‌ವೇ. ನದಿ, ಹಿನ್ನೀರು, ಕೊಲ್ಲಿ, ತೋಡಿದ ಕಾಲುವೆ ಎಲ್ಲವನ್ನೂ ಪೋಣಿಸಿ ಮಾಡಿದ ದಾರಿ ಇದು. ಸಮುದ್ರಕ್ಕೂ ನಿಮಗೂ ಮಧ್ಯೆ ಉದ್ದಕ್ಕೂ ಮರಳಿನ ದ್ವೀಪಗಳು ಅಡ್ಡ ಇರುತ್ತವೆ. ಇದನ್ನು ನೋಡಿಕೊಳ್ಳುವುದು ಅಮೆರಿಕದ ಸೇನೆಯ ಎಂಜಿನಿಯರ್ ಪಡೆ. ಮೈಲಿ ಲೆಕ್ಕ ಶುರುವಾಗುವುದು ವರ್ಜೀನಿಯಾದ ನಾರ್ಫೋಕ್‌ನಲ್ಲಿ. ಅಲ್ಲಿಂದ ಮಯಾಮಿಗೆ ಸುಮಾರು 1,090 ಮೈಲಿ.

ಅಷ್ಟನ್ನೂ ಮೊದಲ ಸಲವೇ ಮಾಡಲು ಹೋಗಬೇಡಿ. ನಾರ್ಫೋಕ್‌ನಿಂದ ನಾರ್ತ್ ಕ್ಯಾರೊಲೈನಾದ ಬೋಫರ್ಟ್‌ವರೆಗಿನ 200 ಚಿಲ್ಲರೆ ಮೈಲಿ ಸಾಕು. ನಾನು ಈ ತುಂಡನ್ನೇ ಹೇಳುವುದಕ್ಕೆ ಕಾರಣ ಇದೆ. ಜಾರ್ಜಿಯಾ ಕಡೆ ಉಬ್ಬರ-ಇಳಿತದ ವ್ಯತ್ಯಾಸ 7ರಿಂದ 9 ಅಡಿ. ಬೆಳಿಗ್ಗೆ ನೀರಿದ್ದ ಜಾಗದಲ್ಲಿ ಮಧ್ಯಾಹ್ನ ಕೆಸರು ಕಾಣುತ್ತದೆ. ನಾರ್ಫೋಕ್ ದಾಟಿ ಕಾಲುವೆಗೆ ಬಂದಮೇಲೆ ಬೋಫರ್ಟ್ ಸಮೀಪಿಸುವವರೆಗೆ ಈ ತಲೆನೋವು ಹೆಚ್ಚುಕಡಿಮೆ ಇಲ್ಲ. ನೀರು ಏರುವುದು ಇಳಿಯುವುದು ಚಂದ್ರನಿಂದಲ್ಲ, ಗಾಳಿಯಿಂದ. ಎರಡು ದಿನ ಒಂದೇ ದಿಕ್ಕಿನಿಂದ ಜೋರು ಗಾಳಿ ಬೀಸಿದರೆ ಒಂದು ಕಡೆಯ ನೀರು ಇನ್ನೊಂದು ಕಡೆ ಹೋಗಿ ನಿಲ್ಲುತ್ತದೆ.

ತಿಂಗಳು: ಮೇ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಅಕ್ಟೋಬರ್ ಕೂಡ ಚೆನ್ನಾಗಿರುತ್ತದೆ, ಆದರೆ ಆಗ ಫ್ಲೋರಿಡಾಕ್ಕೆ ಹೋಗುವ ಬೋಟುಗಳ ಸಾಲೇ ಇರುತ್ತದೆ. ಇನ್ಶೂರೆನ್ಸ್ ಪತ್ರದಲ್ಲಿ "ಇಂಥ ದಿನಾಂಕದವರೆಗೆ ಇಂಥ ಅಕ್ಷಾಂಶದಿಂದ ದಕ್ಷಿಣಕ್ಕೆ ಹೋಗಕೂಡದು" ಎಂಬ ಷರತ್ತು ಇದ್ದರೂ ಇರಬಹುದು. ಓದಿ.

2. ನಿಧಾನದ ಬೋಟನ್ನೇ ಆರಿಸಿ

ಬೇಕಾದ್ದು ಟ್ರಾಲರ್. ಇಲ್ಲಿ ಟ್ರಾಲರ್ ಅಂದರೆ ಮಲ್ಪೆ, ಮಂಗಳೂರಿನ ಮೀನಿನ ದೋಣಿ ಅಲ್ಲ. ಮಲಗಲು ಕೋಣೆ, ಅಡುಗೆ ಜಾಗ, ಬಾತ್‌ರೂಮ್ ಇರುವ, ಡೀಸೆಲ್ ಎಂಜಿನ್ನಿನ ನಿಧಾನದ ಬೋಟು. 34ರಿಂದ 36 ಅಡಿಯದು ಇಬ್ಬರಿಗೆ ಧಾರಾಳ.

ಲೆಕ್ಕ ನೋಡಿ. ಒಂದೇ ಎಂಜಿನ್ನಿನ ಇಂಥ ಬೋಟು ಗಂಟೆಗೆ 8 ಮೈಲಿ ಹೋಗುತ್ತ ಸುಮಾರು 3 ಗ್ಯಾಲನ್ ಡೀಸೆಲ್ ಕುಡಿಯುತ್ತದೆ ಅಂತಿಟ್ಟುಕೊಳ್ಳಿ. 204 ಮೈಲಿಗೆ ಇಪ್ಪತ್ತೈದೂವರೆ ಗಂಟೆ, ಸುಮಾರು 76 ಗ್ಯಾಲನ್. ಅದೇ ನೀರಿನ ಮೇಲೆ ಎದ್ದು ಓಡುವ ಬೋಟು ಗಂಟೆಗೆ 20 ಮೈಲಿ ಹೋಗಿ 25 ಗ್ಯಾಲನ್ ಸುಟ್ಟರೆ ಒಟ್ಟು 255 ಗ್ಯಾಲನ್. ಹದಿನೈದು ಗಂಟೆ ಉಳಿಸಲು ಮೂರು ಪಟ್ಟು ಡೀಸೆಲ್! ಅದೂ ಅಲ್ಲದೆ ವೇಗದ ಬೋಟಿನ ಹಿಂದೆ ಏಳುವ ಅಲೆ ಬೇರೆಯವರ ಜೆಟ್ಟಿಗೆ, ಕಟ್ಟಿದ ಬೋಟಿಗೆ ಹಾನಿ ಮಾಡಿದರೆ ಅದರ ಹೊಣೆ ನಿಮ್ಮದೇ.

ಬಾಡಿಗೆಗೆ ತಗೊಳ್ಳುವವರು ಇವನ್ನು ಮೊದಲೇ ಕೇಳಿ:

– ಹೊರಟ ಜಾಗಕ್ಕೇ ವಾಪಸ್ ತರಬೇಕಾ? ಹೆಚ್ಚಾಗಿ ತರಲೇಬೇಕು. ಹಾಗಿದ್ದರೆ ಅರ್ಧ ದಾರಿ ಹೋಗಿ ತಿರುಗುವ ಹಾಗೆ ಯೋಜನೆ ಮಾಡಿ.
– ನಿಮ್ಮ ಅನುಭವ ಕೇಳುತ್ತಾರೆ. ಅನುಭವ ಇಲ್ಲದಿದ್ದರೆ ಮೊದಲ ಒಂದೆರಡು ದಿನ ಜೊತೆಗೆ ಒಬ್ಬ ಕ್ಯಾಪ್ಟನ್ ಕಳಿಸುತ್ತಾರಾ? ಕಳಿಸಿದರೆ ಒಪ್ಪಿಕೊಳ್ಳಿ. ಆ ದುಡ್ಡು ದಂಡ ಅಲ್ಲ.
– ನೀರಿನ ಕೆಳಗೆ ಎಷ್ಟು ಅಡಿ, ನೀರಿನ ಮೇಲೆ ಎಷ್ಟು ಅಡಿ? ಮೊದಲನೆಯದು ಮರಳು ದಿಣ್ಣೆಗೆ, ಎರಡನೆಯದು ಸೇತುವೆಗೆ. ಎರಡನ್ನೂ ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿ.
– ಬೋ ಥ್ರಸ್ಟರ್ ಇದೆಯಾ? ಬೋಟಿನ ಮೂತಿಯನ್ನು ಆಚೀಚೆ ತಳ್ಳುವ ಸಣ್ಣ ಮೋಟರ್ ಅದು. ಹೊಸಬರಿಗೆ ವರ.

3. ಕಾಗದಪತ್ರ

ವರ್ಜೀನಿಯಾದಲ್ಲಿ 10 ಹಾರ್ಸ್‌ಪವರ್ ಅಥವಾ ಅದಕ್ಕಿಂತ ದೊಡ್ಡ ಎಂಜಿನ್ ಓಡಿಸುವವರಿಗೆ ಬೋಟ್ ಸುರಕ್ಷತೆಯ ಕೋರ್ಸ್ ಆಗಿರಬೇಕು. ನಾರ್ತ್ ಕ್ಯಾರೊಲೈನಾದಲ್ಲಿ 1988ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಈ ನಿಯಮ. ಆನ್‌ಲೈನ್‌ನಲ್ಲಿ ಮಾಡಬಹುದು. ಇಬ್ಬರೂ ಮಾಡಿ, ಒಬ್ಬರು ಮಾಡಿದರೆ ಸಾಕು ಅನ್ನಬೇಡಿ.

ಪ್ರತಿಯೊಬ್ಬರಿಗೂ ಮೈಗೆ ಹೊಂದುವ ಲೈಫ್ ಜಾಕೆಟ್, ಎಸೆಯಲು ಒಂದು ತೇಲುವ ರಿಂಗ್, ಅಗ್ನಿಶಾಮಕ, ಹಾರ್ನ್, ಅಪಾಯ ಸೂಚಿಸುವ ಫ್ಲೇರ್ ಬೇಕು. ಫ್ಲೇರ್‌ಗೆ ಅವಧಿ ಮುಗಿಯುವ ದಿನಾಂಕ ಇರುತ್ತದೆ, ನೋಡಿ. ಕೋಸ್ಟ್ ಗಾರ್ಡ್‌ನವರು ವಾರಂಟ್ ಇಲ್ಲದೆಯೂ ಯಾವ ಬೋಟನ್ನಾದರೂ ಹತ್ತಿ ಪರಿಶೀಲಿಸಬಹುದು. ಗಾಬರಿ ಬೇಡ, ಅದು ಮಾಮೂಲಿ. ಗ್ರೀನ್ ಕಾರ್ಡ್ ಇರುವವರು ಕಾರ್ಡನ್ನು, ವೀಸಾದಲ್ಲಿ ಇರುವವರು ಪಾಸ್‌ಪೋರ್ಟ್ ಮತ್ತು ಐ-94 (ದೇಶದೊಳಗೆ ಬಂದ ದಾಖಲೆ) ಪ್ರತಿಯನ್ನು ನೀರು ಹೋಗದ ಚೀಲದಲ್ಲಿ ಇಟ್ಟುಕೊಳ್ಳಿ. ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಅವರದೂ ಇರಲಿ.

ಸಿಕ್ಕಿಕೊಂಡ, ಕೆಟ್ಟು ನಿಂತ ಬೋಟನ್ನು ಎಳೆದು ತರುವ ಸೇವೆಗೆ ಸದಸ್ಯರಾಗಿ. ಸೀ ಟೋ, ಟೋಬೋಟ್‌ಯುಎಸ್ ಎರಡೂ ಈ ದಾರಿಯಲ್ಲಿ ಇವೆ. ಬಾಡಿಗೆ ಬೋಟಾದರೆ ಅವರದೇ ಸದಸ್ಯತ್ವ ಇದೆಯಾ ಕೇಳಿ.

4. ಇಬ್ಬರೂ ಓಡಿಸಲು ಕಲಿಯಿರಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹೆಚ್ಚಿನ ಜೋಡಿಗಳು ಇದನ್ನೇ ಬಿಡುತ್ತಾರೆ. ಗಂಡ ಸ್ಟಿಯರಿಂಗ್ ಹಿಡಿಯುವುದು, ಹೆಂಡತಿ ಹಗ್ಗ ಹಿಡಿದು ಮೂತಿಯಲ್ಲಿ ನಿಲ್ಲುವುದು, ಆಮೇಲೆ ಅವರು ಕೂಗುವುದು, ಇವರಿಗೆ ಕೇಳಿಸದಿರುವುದು. ಪ್ರತಿ ಜೆಟ್ಟಿಯಲ್ಲೂ ಈ ನಾಟಕ ಸಂಜೆ ಐದರ ಮೇಲೆ ಉಚಿತವಾಗಿ ನೋಡಲು ಸಿಗುತ್ತದೆ.

ಓಡಿಸುತ್ತಿದ್ದವರೇ ನೀರಿಗೆ ಬಿದ್ದರೆ? ತಲೆ ತಿರುಗಿ ಕುಸಿದರೆ? ಆಗ ಇನ್ನೊಬ್ಬರಿಗೆ ಕನಿಷ್ಠ ನಾಲ್ಕು ಕೆಲಸ ಬರಬೇಕು: ಗೇರನ್ನು ನ್ಯೂಟ್ರಲ್‌ಗೆ ತರುವುದು, ಬೋಟು ತಿರುಗಿಸಿ ಬಿದ್ದವರ ಹತ್ತಿರ ನಿಧಾನವಾಗಿ ಬರುವುದು, ಲಂಗರು ಬಿಡುವುದು, ರೇಡಿಯೋದಲ್ಲಿ ಸಹಾಯ ಕೇಳುವುದು.

ಬಿದ್ದವರ ಹತ್ತಿರ ಬಂದಮೇಲೆ ಎಂಜಿನ್ ನ್ಯೂಟ್ರಲ್‌ನಲ್ಲೇ ಇರಬೇಕು, ಪ್ರೊಪೆಲ್ಲರ್ ತಿರುಗಲೇಬಾರದು. ಒದ್ದೆ ಬಟ್ಟೆಯ ಮನುಷ್ಯನನ್ನು ಒಬ್ಬರೇ ಮೇಲೆ ಎಳೆಯಲು ಆಗುವುದಿಲ್ಲ. ಆದ್ದರಿಂದ ಏಣಿ ಎಲ್ಲಿದೆ, ನೀರೊಳಗಿಂದಲೇ ಅದನ್ನು ಕೆಳಗೆ ಎಳೆಯಬಹುದಾ ಎಂದು ಹೊರಡುವ ಮೊದಲೇ ನೋಡಿ.

ರೇಡಿಯೋ ಅಂದರೆ ವಿಎಚ್‌ಎಫ್. ಬೋಟಿಗೆಲ್ಲ ಇರುವ ಮಾತಾಡುವ ಸೆಟ್ ಇದು. ಅಪಾಯಕ್ಕೆ ಚಾನೆಲ್ 16. "ಮೇಡೇ" ಮೂರು ಸಲ, ಬೋಟಿನ ಹೆಸರು ಮೂರು ಸಲ, ಎಲ್ಲಿದ್ದೀರಿ, ಏನಾಗಿದೆ, ಎಷ್ಟು ಜನ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ರೇಡಿಯೋ ಪಕ್ಕದಲ್ಲಿ ಅಂಟಿಸಿ, ಗಾಬರಿಯಲ್ಲಿ ನೆನಪಾಗುವುದಿಲ್ಲ. ಸಹಾಯ ಅಷ್ಟು ತುರ್ತಲ್ಲದಿದ್ದರೆ "ಮೇಡೇ" ಅನ್ನಬೇಡಿ. ಮರಳಲ್ಲಿ ಸಿಕ್ಕಿಕೊಂಡದ್ದಕ್ಕೆಲ್ಲ ಅದನ್ನು ಬಳಸಬಾರದು.

ಬೋಟು ಕಟ್ಟುವುದನ್ನು ಅರ್ಧ ದಿನ ಖಾಲಿ ಜೆಟ್ಟಿಯಲ್ಲಿ ಅಭ್ಯಾಸ ಮಾಡಿ:

– ಗಾಳಿಗೆ ಅಥವಾ ಹರಿವಿಗೆ ಎದುರಾಗಿ ಬನ್ನಿ. ಎರಡೂ ಇದ್ದರೆ ಜೋರಾಗಿರುವುದಕ್ಕೆ ಎದುರಾಗಿ.
– ಹಗ್ಗ ಮತ್ತು ಫೆಂಡರ್ (ಬದಿಗೆ ನೇತುಹಾಕುವ ಗಾಳಿ ತುಂಬಿದ ಉಂಡೆ) ಮೊದಲೇ ಸಿದ್ಧ ಇರಲಿ. ಹತ್ತಿರ ಬಂದಮೇಲೆ ಹುಡುಕುವುದಲ್ಲ.
– ಮೊದಲು ಕಟ್ಟುವುದು ಬೋಟಿನ ನಡುಭಾಗದ ಹಗ್ಗ. ಅದೊಂದು ಬಿಗಿಯಾದರೆ ಬೋಟು ಎಲ್ಲಿಗೂ ಹೋಗುವುದಿಲ್ಲ, ಉಳಿದದ್ದನ್ನು ನಿಧಾನವಾಗಿ ಕಟ್ಟಬಹುದು. ಮೂತಿಯ ಹಗ್ಗ ಮೊದಲು ಕಟ್ಟಿದರೆ ಹಿಂಭಾಗ ಬೀಸಿಕೊಂಡು ಪಕ್ಕದವರ ಬೋಟಿಗೆ ಬಡಿಯುತ್ತದೆ.
– ಜಿಗಿಯಬೇಡಿ. ಹೆಜ್ಜೆ ಇಟ್ಟು ಇಳಿಯುವಷ್ಟು ಹತ್ತಿರ ಬರದಿದ್ದರೆ ಸುತ್ತಿ ಬಂದು ಮತ್ತೆ ಪ್ರಯತ್ನಿಸಿ.
– ಬೋಟಿಗೂ ಜೆಟ್ಟಿಗೂ ಮಧ್ಯೆ ಕೈಕಾಲು ಇಡಲೇಬೇಡಿ. ಬೋಟಿಗೆ ಗೀರು ಬಿದ್ದರೆ ಬೀಳಲಿ, ಹತ್ತು ಟನ್ ತೂಕವನ್ನು ಕಾಲಲ್ಲಿ ತಡೆಯಲು ಆಗುವುದಿಲ್ಲ.

ಒಂದು ಜೊತೆ ಬ್ಲೂಟೂತ್ ಹೆಡ್‌ಸೆಟ್ ತಗೊಳ್ಳಿ. ಇಬ್ಬರೂ ಮೆಲ್ಲಗೆ ಮಾತಾಡಿಕೊಳ್ಳಬಹುದು. ಈ ಪಟ್ಟಿಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಸಾಮಾನು ಇದೇ ಅಂತ ನನ್ನ ಅಭಿಪ್ರಾಯ.

5. ನೀರಿನ ಮೇಲಿನ ಗುರುತು ಓದುವುದು

ದಕ್ಷಿಣಕ್ಕೆ ಹೋಗುವಾಗ ಕೆಂಪು ಗುರುತು ಬಲಕ್ಕೆ, ಹಸಿರು ಎಡಕ್ಕೆ ಇರಬೇಕು. ಕೆಂಪು ತ್ರಿಕೋನ, ಸಮ ಸಂಖ್ಯೆ. ಹಸಿರು ಚೌಕ, ಬೆಸ ಸಂಖ್ಯೆ. ವಾಪಸ್ ಬರುವಾಗ ತಿರುವುಮುರುವು.

ಆದರೆ ಒಂದು ಗುಟ್ಟಿದೆ. ಕೆಲವು ಕಡೆ ಈ ದಾರಿ ಬೇರೆ ನದಿಯ ಅಥವಾ ಬಂದರಿನ ದಾರಿಯನ್ನು ಸೇರುತ್ತದೆ. ಅಲ್ಲಿ ಕೆಂಪು ಹಸಿರು ಆ ನದಿಯ ಲೆಕ್ಕದಲ್ಲಿ ಇರುತ್ತವೆ, ನಿಮ್ಮ ಲೆಕ್ಕಕ್ಕೆ ಉಲ್ಟಾ ಆಗಬಹುದು. ಆಗ ಬಣ್ಣ ಬಿಡಿ, ಗುರುತಿನ ಮೇಲೆ ಅಂಟಿಸಿದ ಸಣ್ಣ ಹಳದಿ ಚಿಹ್ನೆ ನೋಡಿ. ಹಳದಿ ತ್ರಿಕೋನ ಇದ್ದರೆ ದಕ್ಷಿಣಕ್ಕೆ ಹೋಗುವಾಗ ಅದು ನಿಮ್ಮ ಬಲಕ್ಕೆ. ಹಳದಿ ಚೌಕ ಇದ್ದರೆ ಎಡಕ್ಕೆ. ಗುರುತಿನ ಬಣ್ಣ ಯಾವುದೇ ಇರಲಿ. ಬೈನಾಕ್ಯುಲರ್ ಬೇಕಾಗುವುದು ಹಕ್ಕಿ ನೋಡಲು ಅಷ್ಟೇ ಅಲ್ಲ, ಇದಕ್ಕೇ.

ಫೋನ್ ಅಥವಾ ಟ್ಯಾಬ್ಲೆಟ್‌ನಲ್ಲಿ ನವಿಯಾನಿಕ್ಸ್ ಅಥವಾ ಆಕ್ವಾ ಮ್ಯಾಪ್ ಎಂಬ ನಕ್ಷೆಯ ಆಪ್ ಹಾಕಿಕೊಳ್ಳಿ. ಆಕ್ವಾ ಮ್ಯಾಪ್‌ನಲ್ಲಿ ಸೇನೆಯ ಎಂಜಿನಿಯರ್‌ಗಳು ಅಳೆದ ಆಳವನ್ನೂ ನೋಡಬಹುದು. ನಕ್ಷೆಯಲ್ಲಿ ಕಾಣುವ ನೇರಳೆ-ಗುಲಾಬಿ ಗೆರೆ ಸೂಚಿಸಿದ ದಾರಿ ಮಾತ್ರ, ಅದರ ಮೇಲೇ ಕಣ್ಣುಮುಚ್ಚಿ ಹೋದರೆ ಕೆಲವು ಕಡೆ ಮರಳು ದಿಣ್ಣೆಗೆ ಹತ್ತುತ್ತೀರಿ. ಗೆರೆಗೂ ನೀರಿನ ಮೇಲಿನ ಗುರುತಿಗೂ ಜಗಳ ಬಂದರೆ ಗುರುತನ್ನು ನಂಬಿ.

ಉದ್ದನೆಯ ನೇರ ದಾರಿಯಲ್ಲಿ ಆಗಾಗ ಹಿಂದಕ್ಕೆ ತಿರುಗಿ ನೋಡಿ. ಮೂತಿ ಮುಂದಿನ ಗುರುತಿಗೇ ನೆಟ್ಟಿದ್ದರೂ ಅಡ್ಡಗಾಳಿ ಬೋಟನ್ನು ಪಕ್ಕಕ್ಕೆ ತಳ್ಳಿರುತ್ತದೆ. ಹಿಂದಿನ ಗುರುತು ಎಲ್ಲಿದೆ ನೋಡಿದಾಗಲೇ ಅದು ಗೊತ್ತಾಗುವುದು.

ನೆಲ ತಾಗಿದರೆ? ಎಂಜಿನ್ ಜೋರು ಮಾಡಬೇಡಿ. ನ್ಯೂಟ್ರಲ್. ಕೆಳಗೆ ಇಣುಕಿ ನೀರು ಒಳಗೆ ಬರುತ್ತಿದೆಯಾ ನೋಡಿ. ಆಮೇಲೆ ಬಂದ ದಾರಿಯಲ್ಲೇ ನಿಧಾನವಾಗಿ ರಿವರ್ಸ್. ಬರದಿದ್ದರೆ ಲಂಗರು ಬಿಟ್ಟು ಎಳೆದು ತರುವ ಸೇವೆಯವರಿಗೆ ಫೋನ್ ಮಾಡಿ. ಜಾಸ್ತಿ ಎಳೆದಾಡಿದರೆ ಎಂಜಿನ್ ತಂಪು ಮಾಡಲು ಹೀರುವ ನೀರಿನ ಜೊತೆ ಮರಳೂ ಒಳಗೆ ಹೋಗುತ್ತದೆ. ಬಿಡುಗಡೆ ಆದಮೇಲೆ ಎಂಜಿನ್ ಬಿಸಿ ಎಷ್ಟಿದೆ ನೋಡಿ, ನೀರಿನ ಜಾಲರಿ ತೊಳೆಯಿರಿ. ನಾಚಿಕೆ ಪಡಬೇಡಿ. 1718ರಲ್ಲಿ ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್ ತನ್ನ ದೊಡ್ಡ ಹಡಗನ್ನು ಮರಳಿಗೆ ಹತ್ತಿಸಿದ್ದು ಇದೇ ಬೋಫರ್ಟ್ ಅಳಿವೆಯಲ್ಲಿ.

6. ದಿನದ ದಾರಿ

ದಿನಕ್ಕೆ 50 ಮೈಲಿಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ಮೂರರೊಳಗೆ ನಿಲ್ಲಿ. ಸಂಜೆ ಗುಡುಗು ಮಳೆ ಬರುವುದು ಆ ಹೊತ್ತಿನ ನಂತರವೇ.

*ನಾರ್ಫೋಕ್‌ನಿಂದ ಕಾಯಿನ್‌ಜಾಕ್, ಸುಮಾರು 50 ಮೈಲಿ.* ನೌಕಾಪಡೆಯ ಹಡಗುಗಳ ಪಕ್ಕದಲ್ಲೇ ಹೋಗುತ್ತೀರಿ, ಅವುಗಳಿಂದ ದೂರ ಇರಿ. ಆಮೇಲೆ ಸೇತುವೆಗಳ ಸಾಲು. ತೆರೆಯುವ ಸೇತುವೆಗಳಲ್ಲಿ ಹಲವಕ್ಕೆ ಸಮಯ ಇದೆ, ಬೇಕೆಂದಾಗ ತೆರೆಯುವುದಿಲ್ಲ. ವರ್ಜೀನಿಯಾ, ನಾರ್ತ್ ಕ್ಯಾರೊಲೈನಾದಲ್ಲಿ ಸೇತುವೆಯವರನ್ನು ಕರೆಯಲು ಚಾನೆಲ್ 13. ದಕ್ಷಿಣದ ರಾಜ್ಯಗಳಲ್ಲಿ ಅದು 9.

ಮೈಲಿ 11ರ ನಂತರ ಗ್ರೇಟ್ ಬ್ರಿಡ್ಜ್ ಲಾಕ್. ಲಾಕ್ ಅಂದರೆ ಎರಡು ಕಡೆ ಗೇಟ್ ಇರುವ ಉದ್ದನೆಯ ತೊಟ್ಟಿ. ಒಳಗೆ ಹೋದಮೇಲೆ ಹಿಂದಿನ ಗೇಟ್ ಮುಚ್ಚಿ, ನೀರನ್ನು ಆಚೆ ಕಡೆಯ ಮಟ್ಟಕ್ಕೆ ತಂದು, ಮುಂದಿನ ಗೇಟ್ ತೆರೆಯುತ್ತಾರೆ. ಇಲ್ಲಿ ವ್ಯತ್ಯಾಸ ಎರಡು ಮೂರು ಅಡಿ ಅಷ್ಟೇ. ಯಾವ ಬದಿಗೆ ನಿಲ್ಲಬೇಕು ಎಂದು ಅಲ್ಲಿನವರೇ ಹೇಳುತ್ತಾರೆ. ಹಗ್ಗವನ್ನು ಗೂಟಕ್ಕೆ ಸುತ್ತಿ ಕೈಯಲ್ಲೇ ಹಿಡಿದಿರಿ, ಗಂಟು ಹಾಕಬೇಡಿ. ನೀರು ಇಳಿಯುವಾಗ ಗಂಟು ಹಾಕಿದ ಬೋಟು ನೇತಾಡುತ್ತದೆ. ಲಾಕ್ ದಾಟಿದ ಕೂಡಲೇ ಬರುವ ಸೇತುವೆ ಹಗಲಲ್ಲಿ ಗಂಟೆಗೊಮ್ಮೆ ತೆರೆಯುತ್ತದೆ, ಲಾಕ್‌ನವರು ಅದಕ್ಕೆ ಹೊಂದಿಸಿಕೊಂಡೇ ಬಿಡುತ್ತಾರೆ.

ಇನ್ನೊಂದು ದಾರಿಯೂ ಇದೆ: 1805ರಲ್ಲಿ ತೆರೆದ ಡಿಸ್ಮಲ್ ಸ್ವಾಂಪ್ ಕಾಲುವೆ. ಗುಲಾಮರು ಕೈಯಲ್ಲಿ ತೋಡಿದ್ದು. ಮರಗಳ ನೆರಳು, ಅಗಲ ಕಡಿಮೆ, ತುಂಬ ಚೆಂದ. ಆದರೆ ಆಳ ಕಡಿಮೆ, ನೀರೊಳಗೆ ಮರದ ದಿಮ್ಮಿ ಜಾಸ್ತಿ. ಬಾಡಿಗೆ ಬೋಟಿನವರು ಒಪ್ಪುತ್ತಾರಾ ಕೇಳಿಕೊಳ್ಳಿ.

ಕಾಯಿನ್‌ಜಾಕ್ ದನದ ಮಾಂಸದ ಊಟಕ್ಕೆ ಹೆಸರಾದ ಜಾಗ. ಸಸ್ಯಾಹಾರಿಗಳು ಬೋಟಿನಲ್ಲೇ ಅನ್ನ ಸಾರು ಮಾಡಿಕೊಳ್ಳುವುದು ವಾಸಿ.

*ಕಾಯಿನ್‌ಜಾಕ್‌ನಿಂದ ಆಲಿಗೇಟರ್ ನದಿ, ಸುಮಾರು 50 ಮೈಲಿ.* ಈ ತುಂಡಿನಲ್ಲಿ ಆಲ್ಬಮಾರ್ಲ್ ಸೌಂಡ್ ದಾಟಬೇಕು. ಸೌಂಡ್ ಅಂದರೆ ಇಲ್ಲಿ ದೊಡ್ಡ ಹಿನ್ನೀರು. ಆಳ ಕಡಿಮೆ ಇರುವುದರಿಂದ ಗಾಳಿ ಬಂದರೆ ಅಲೆ ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೊಂದು ಏಳುತ್ತದೆ. ತಟ್ಟೆ ಲೋಟ ಎಲ್ಲ ಕೆಳಗೆ. ಹವಾಮಾನ ರೇಡಿಯೋದಲ್ಲಿ 15 ನಾಟ್ (ಗಂಟೆಗೆ ಸುಮಾರು 17 ಮೈಲಿ) ಮೇಲೆ ಗಾಳಿ ಅಂದರೆ ಕಾಯಿನ್‌ಜಾಕ್‌ನಲ್ಲೇ ಇರಿ. ಇನ್ನೊಂದು ದಿನ, ಇನ್ನೊಂದು ಕಾಫಿ. ಆಚೆ ದಡದ ಹೈವೇ 64ರ ತಿರುಗುವ ಸೇತುವೆಯನ್ನೂ ಜೋರು ಗಾಳಿಯಲ್ಲಿ ತೆರೆಯುವುದಿಲ್ಲ, ಹಾಗಾಗಿ ಆ ಕಡೆ ಹೋಗಿ ಸಿಕ್ಕಿಕೊಳ್ಳುತ್ತೀರಿ.

ರಾತ್ರಿಗೆ ನದಿಯ ದಕ್ಷಿಣ ತುದಿಯಲ್ಲಿ ಲಂಗರು. ದಡದ ಹತ್ತಿರ ಹೋಗಬೇಡಿ, ಮುಳುಗಿದ ಬುಡಗಳಿವೆ. ಪಕ್ಕದ ವನ್ಯಧಾಮದಲ್ಲಿ 1987ರಲ್ಲಿ ಮತ್ತೆ ಕಾಡಿಗೆ ಬಿಟ್ಟ ಕೆಂಪು ತೋಳಗಳ ಸಂತತಿ ಇದೆ. ಕರಡಿ ಇವೆ. ಹೆಸರಿಗೆ ತಕ್ಕ ಹಾಗೆ ಆಲಿಗೇಟರ್ ಕೂಡ ಇವೆ, ಈಜುವ ಆಸೆ ಬಿಡಿ. ಫೋನ್ ಸಿಗ್ನಲ್ ಸಿಗುತ್ತದೆ ಎಂದು ನಂಬಬೇಡಿ, ಮನೆಯವರಿಗೆ ಮೊದಲೇ ಹೇಳಿಡಿ.

*ಅಲ್ಲಿಂದ ಬೆಲ್‌ಹೇವನ್, ಸುಮಾರು 35 ಮೈಲಿ.* ಅರ್ಧಕ್ಕಿಂತ ಜಾಸ್ತಿ ನೇರ ಕಾಲುವೆ. ಬೇಜಾರಾಗುತ್ತದೆ, ಸರದಿ ಮೇಲೆ ಓಡಿಸಿ. ತೇಲುವ ಮರದ ತುಂಡುಗಳ ಮೇಲೆ ಕಣ್ಣಿರಲಿ.

*ಬೆಲ್‌ಹೇವನ್‌ನಿಂದ ಓರಿಯೆಂಟಲ್, ಸುಮಾರು 45 ಮೈಲಿ.* ನ್ಯೂಸ್ ನದಿಗೆ ತಿರುಗುವಾಗ ಮಾ ಪಾಯಿಂಟ್ ಎಂಬ ಮೂಲೆ ಬರುತ್ತದೆ. ಅಡ್ಡದಾರಿ ಹಿಡಿಯಬೇಡಿ, ಅಲ್ಲಿ ಮರಳು ದೂರದವರೆಗೆ ಚಾಚಿದೆ. ನದಿ ಎಂದರೂ ಇದು ಬಾಯಿಯಲ್ಲಿ ಮೈಲಿಗಟ್ಟಲೆ ಅಗಲ, ಗಾಳಿಯ ವಿಷಯದಲ್ಲಿ ಆಲ್ಬಮಾರ್ಲ್‌ಗೆ ಹೇಳಿದ್ದೇ ಇಲ್ಲಿಗೂ. ಏಡಿ ಹಿಡಿಯುವವರು ಬುಟ್ಟಿ ಮುಳುಗಿಸಿ ಮೇಲೆ ಸಣ್ಣ ಬಣ್ಣದ ಚೆಂಡು ತೇಲಿಬಿಟ್ಟಿರುತ್ತಾರೆ. ಆ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿದರೆ ದಿನ ಮುಗಿದಂತೆ. ಓರಿಯೆಂಟಲ್‌ನಲ್ಲಿ ಊರಿನವರದೇ ಉಚಿತ ಜೆಟ್ಟಿ ಇದೆ, 48 ಗಂಟೆ ಇರಬಹುದು. ಜಾಗ ಕೆಲವೇ ಬೋಟಿಗೆ, ಮೊದಲು ಬಂದವರಿಗೆ.

*ಓರಿಯೆಂಟಲ್‌ನಿಂದ ಬೋಫರ್ಟ್, 22 ಮೈಲಿ.* ಮೂರು ಗಂಟೆಯ ದಾರಿ. ಕೊನೆಯಲ್ಲಿ ಉಬ್ಬರ-ಇಳಿತ ಶುರುವಾಗುತ್ತದೆ, ಮೂರು ಅಡಿ ಆಸುಪಾಸು. ಹರಿವೂ ಜೋರು. ಹರಿವು ನಿಂತ ಹೊತ್ತಿಗೆ ಜೆಟ್ಟಿಗೆ ಬನ್ನಿ. ಊರಿನ ಎದುರಿನ ದ್ವೀಪದಲ್ಲಿ ಕಾಡುಕುದುರೆಗಳು ಮೇಯುತ್ತವೆ, ಬೋಟಿನಿಂದಲೇ ಕಾಣುತ್ತವೆ.

ಓಡುವ ದಿನ ಐದು. ಗಾಳಿಗಾಗಿ ಮೂರು ದಿನ ಹೆಚ್ಚು ಇಟ್ಟುಕೊಳ್ಳಿ. ಇದನ್ನು ಸೇರಿಸದ ಯೋಜನೆ ಯೋಜನೆಯೇ ಅಲ್ಲ.

7. ಲಂಗರು ಹಾಕುವ ಲೆಕ್ಕ

ಲಂಗರು ಹಿಡಿಯುವುದು ಅದರ ತೂಕದಿಂದಲ್ಲ, ಸರಪಳಿ ಮತ್ತು ಹಗ್ಗ ನೆಲಕ್ಕೆ ಮಲಗಿ ಎಳೆಯುವುದರಿಂದ. ನೀರಿನ ಆಳಕ್ಕೆ ಮೂತಿಯ ಎತ್ತರ ಸೇರಿಸಿ, ಏಳರಿಂದ ಗುಣಿಸಿ. ಆಳ 8 ಅಡಿ, ಮೂತಿ 4 ಅಡಿ: 12 ಗುಣಿಸು 7, ಒಟ್ಟು 84 ಅಡಿ ಬಿಡಬೇಕು. ಉಬ್ಬರ ಇರುವ ಕಡೆ ಆ ಏರಿಕೆಯನ್ನೂ ಆಳಕ್ಕೆ ಸೇರಿಸಿ. ಜಾರ್ಜಿಯಾದಲ್ಲಾದರೆ ಅದೇ ಲೆಕ್ಕ 140 ಅಡಿ ಆಸುಪಾಸು ಆಗುತ್ತದೆ.

ಬಿಟ್ಟಮೇಲೆ ರಿವರ್ಸ್ ಕೊಟ್ಟು ಮೆಲ್ಲಗೆ ಎಳೆದು ನೋಡಿ. ದಡದ ಎರಡು ಮರಗಳನ್ನು ಒಂದರ ಹಿಂದೆ ಒಂದು ಗುರುತಿಟ್ಟುಕೊಳ್ಳಿ. ಅವು ಬೇರೆಯಾಗುತ್ತ ಹೋದರೆ ಬೋಟು ಜಾರುತ್ತಿದೆ ಅಂತ ಅರ್ಥ. ರಾತ್ರಿ ಮೇಲೆ ಬಿಳಿ ದೀಪ ಉರಿಯಲಿ.

8. ಅಡುಗೆ, ಕರೆಂಟು, ಕಕ್ಕಸು

ಮರೀನಾದಲ್ಲಿ (ದುಡ್ಡು ಕೊಟ್ಟು ಬೋಟು ನಿಲ್ಲಿಸುವ ಜಾಗ, ಬೋಟಿನ ಉದ್ದದ ಅಡಿಗೆ ಇಷ್ಟು ಎಂದು ಬಾಡಿಗೆ) ಕರೆಂಟು ಸಿಗುತ್ತದೆ. ಸಾಮಾನ್ಯವಾಗಿ 30 ಆಂಪ್, 120 ವೋಲ್ಟ್. ಅಂದರೆ 3,600 ವ್ಯಾಟ್. ಇಂಡಕ್ಷನ್ ಒಲೆ 1,800, ನೀರು ಕಾಯಿಸುವುದು 1,500, ಎಸಿ ಒಂದು. ಮೂರನ್ನೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಎಸಿ ಹಾಕಿದ್ದರೆ ಇಡ್ಲಿ ಬೇಯುವವರೆಗೆ ಸ್ನಾನದ ನೀರು ಕಾಯಿಸಬೇಡಿ.

ವೈರ್ ಹಾಕುವಾಗ ಜೆಟ್ಟಿಯ ಬ್ರೇಕರ್ ಆಫ್ ಇರಲಿ. ಮೊದಲು ಬೋಟಿನ ತುದಿ, ಆಮೇಲೆ ಜೆಟ್ಟಿಯ ತುದಿ, ಕೊನೆಗೆ ಆನ್. ತೆಗೆಯುವಾಗ ಉಲ್ಟಾ. ಮರೀನಾದ ನೀರಿಗೆ ಇಳಿಯಬೇಡಿ, ಮಕ್ಕಳನ್ನೂ ಬಿಡಬೇಡಿ. ಯಾವುದೋ ಬೋಟಿನ ವೈರಿಂಗ್ ಕೆಟ್ಟು ನೀರಿಗೆ ಕರೆಂಟು ಸೋರುತ್ತಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಅದರಿಂದ ಜನ ಸತ್ತಿದ್ದಾರೆ.

ಗ್ಯಾಸ್ ಒಲೆ ಇದ್ದರೆ ಇನ್ನೊಂದು ಎಚ್ಚರ. ಈ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಿ ಕಿಟಕಿ ತೆಗೆದರೆ ಹೊರಗೆ ಹೋಗಬಹುದು, ಬೋಟಿನಲ್ಲಿ ತಳಕ್ಕೆ ಇಳಿದು ಕೂರುತ್ತದೆ. ಅಡುಗೆ ಮುಗಿದ ತಕ್ಷಣ ಸಿಲಿಂಡರ್ ಕಡೆಯ ಸ್ವಿಚ್ ಆಫ್ ಮಾಡಿ, ಒಲೆಯ ಗುಂಡಿ ಸಾಲದು. ಒಗ್ಗರಣೆ ಹಾಕುವ ಮೊದಲು ಮೇಲಿನ ಕಿಂಡಿ ತೆಗೆಯಿರಿ, ಇಲ್ಲದಿದ್ದರೆ ಅಲಾರಂ ಕೂಗಿ ಅಕ್ಕಪಕ್ಕದ ಬೋಟಿನವರೆಲ್ಲ ಎದ್ದು ಬರುತ್ತಾರೆ.

ಕಕ್ಕಸಿನ ಟ್ಯಾಂಕ್ ಈ ದಾರಿಯಲ್ಲಿ ಎಲ್ಲೂ ನೀರಿಗೆ ಬಿಡುವಂತಿಲ್ಲ. ಮರೀನಾಗಳಲ್ಲಿ ಪಂಪ್ ಹಾಕಿ ಖಾಲಿ ಮಾಡಿಸಿ. ಕುಡಿಯುವ ನೀರನ್ನೂ ಲೆಕ್ಕ ಇಟ್ಟು ಬಳಸಿ.

9. ಸ್ನೇಹಿತರಿಗೆ ಏನು ಹೇಳಬೇಕು

ನಿಯಮ ಒಂದೇ. ದಿನ ಹೇಳಿ, ಇಲ್ಲವೇ ಊರು ಹೇಳಿ. ಎರಡನ್ನೂ ಹೇಳಬೇಡಿ.

"ಶನಿವಾರ ಸಿಗೋಣ, ಎಲ್ಲಿ ಅಂತ ಶುಕ್ರವಾರ ಸಂಜೆ ಹೇಳ್ತೀವಿ" ಅನ್ನಿ. ಅಥವಾ "ಓರಿಯೆಂಟಲ್‌ಗೆ ಬಂದಮೇಲೆ ಫೋನ್ ಮಾಡ್ತೀವಿ" ಅನ್ನಿ. ರಾಲಿ, ಕೇರಿ ಕಡೆ ಕನ್ನಡದವರು ತುಂಬ ಜನ. ಅಲ್ಲಿಂದ ಓರಿಯೆಂಟಲ್‌ಗಾಗಲಿ ಬೋಫರ್ಟ್‌ಗಾಗಲಿ ಕಾರಿನಲ್ಲಿ ಮೂರು ಗಂಟೆ ಆಸುಪಾಸು. ಕಾರಿನವರು ಒಂದು ಗಂಟೆಯಲ್ಲಿ ಮನಸ್ಸು ಬದಲಾಯಿಸಬಹುದು, ನಿಮಗೆ ಅದೇ ಒಂದು ದಿನ. ಹಾಗಾಗಿ ಅವರೇ ನಿಮ್ಮ ಹತ್ತಿರ ಬರಲಿ. ಅಡುಗೆ ಮಾಡಿಟ್ಟು ಕಾಯುತ್ತಿರುತ್ತಾರೆ, ಪಾಪ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಗಾಳಿಯಲ್ಲಿ ಹೊರಡುವವರೇ ಜಾಸ್ತಿ. ಬೇಡ. ಹುಳಿ ಮಾರನೇ ದಿನವೂ ಚೆನ್ನಾಗಿರುತ್ತದೆ, ಅಲ್ವಾ?

ವಿಳಾಸ ಕಳಿಸುವಾಗ ರಾಜ್ಯದ ಹೆಸರು ಹಾಕಿ. ಸೌತ್ ಕ್ಯಾರೊಲೈನಾದಲ್ಲೂ ಇದೇ ಸ್ಪೆಲ್ಲಿಂಗಿನ ಊರಿದೆ, ಅದನ್ನು ಬ್ಯೂಫರ್ಟ್ ಅನ್ನುತ್ತಾರೆ. ಎರಡಕ್ಕೂ ಮಧ್ಯೆ ಈ ಜಲಮಾರ್ಗದಲ್ಲಿ 330 ಮೈಲಿ. ಮರೀನಾ ಬುಕ್ ಮಾಡುವಾಗಲೂ ನೋಡಿಕೊಳ್ಳಿ.

ಸ್ನೇಹಿತರ ಮನೆ ನೀರಿನ ಪಕ್ಕದಲ್ಲೇ ಇದ್ದು, "ನಮ್ಮ ಜೆಟ್ಟಿಗೇ ಬನ್ನಿ, ಬೇಕಾದಷ್ಟು ನೀರಿದೆ" ಅಂದರೆ ಸುಮ್ನೆ ಹೋಗಿಬಿಡಬೇಡಿ. ಅವರಿಗೆ ಅದು ಸಣ್ಣ ದೋಣಿಯ ನೀರು. ಕೇಳಬೇಕಾದ್ದು:

– ನೀರು ಅತಿ ಕಡಿಮೆ ಇದ್ದಾಗ ಜೆಟ್ಟಿಯ ತುದಿಯಲ್ಲಿ ಆಳ ಎಷ್ಟು? ಕಲ್ಲು ಕಟ್ಟಿದ ದಾರ ಬಿಟ್ಟು ಅಳೆದು, ಫೋಟೋ ಕಳಿಸಲಿ.
– ಮುಖ್ಯ ದಾರಿಯಿಂದ ಜೆಟ್ಟಿವರೆಗೆ ಆಳ ಎಷ್ಟು? ಜೆಟ್ಟಿಯಲ್ಲಿ ಆರು ಅಡಿ ಇದ್ದು ದಾರಿಯಲ್ಲಿ ಮೂರೇ ಇರಬಹುದು.
– ಮಧ್ಯೆ ಸೇತುವೆ, ವೈರ್ ಇದೆಯಾ? ಎಷ್ಟು ಎತ್ತರ?
– ಹಗ್ಗ ಕಟ್ಟುವ ಗೂಟ ಗಟ್ಟಿ ಇದೆಯಾ? ಕಂಬಕ್ಕೆ ಮೊಳೆ ಹೊಡೆದದ್ದು ದೊಡ್ಡ ಬೋಟನ್ನು ತಡೆಯುವುದಿಲ್ಲ.

ಒಂದಕ್ಕೆ ಸರಿಯಾದ ಉತ್ತರ ಸಿಗದಿದ್ದರೂ ಹತ್ತಿರದ ಮರೀನಾದಲ್ಲಿ ನಿಲ್ಲಿಸಿ, ಕಾರಿನಲ್ಲಿ ಕರೆದುಕೊಂಡು ಹೋಗಲು ಹೇಳಿ.

ಬಂದವರನ್ನು ಒಂದು ಸುತ್ತು ಕರೆದುಕೊಂಡು ಹೋಗುವುದಾದರೆ ಬಾಡಿಗೆ ಕರಾರಿನಲ್ಲಿ ಎಷ್ಟು ಜನ ಎಂದಿದೆ ನೋಡಿ. ಅಷ್ಟೂ ಜನಕ್ಕೆ ಲೈಫ್ ಜಾಕೆಟ್ ಇರಬೇಕು. 13 ವರ್ಷದೊಳಗಿನ ಮಕ್ಕಳು ಹೊರಗೆ ಡೆಕ್ ಮೇಲೆ ಇರುವಾಗ ಹಾಕಿಕೊಂಡೇ ಇರಬೇಕು, ಪಕ್ಕದಲ್ಲಿ ಇಟ್ಟುಕೊಂಡರೆ ಆಗದು. ಡೀಸೆಲ್‌ಗೆ ಅಂತ ಸ್ನೇಹಿತರು ತಾವಾಗಿ ಏನಾದರೂ ಕೊಟ್ಟರೆ ತೊಂದರೆ ಇಲ್ಲ. "ತಲೆಗೆ ಇಷ್ಟು ಕೊಟ್ಟರೆ ಕರ್ಕೊಂಡು ಹೋಗ್ತೀವಿ" ಎಂದ ಕ್ಷಣ ಅವರು ಕಾನೂನಿನ ಪ್ರಕಾರ ಪ್ರಯಾಣಿಕರು, ನಿಮಗೆ ಕೋಸ್ಟ್ ಗಾರ್ಡ್ ಲೈಸೆನ್ಸ್ ಬೇಕು.

ಇನ್ನು, ದಾರಿಯಲ್ಲಿ ಸಿಗದ ಒಬ್ಬ ಸ್ನೇಹಿತರನ್ನು ಆರಿಸಿ ಅವರಿಗೆ ಫ್ಲೋಟ್ ಪ್ಲಾನ್ ಕೊಡಿ. ಬೋಟಿನ ಹೆಸರು, ಬಣ್ಣ, ನಿಮ್ಮ ನಂಬರ್, ಇಂದು ಎಲ್ಲಿಂದ ಎಲ್ಲಿಗೆ ಎಂಬುದನ್ನು ಬರೆದ ಚೀಟಿ ಅದು. ಪ್ರತಿದಿನ ಸಂಜೆ ಒಂದು ಮೆಸೇಜ್. ಎಷ್ಟು ಹೊತ್ತಿನವರೆಗೆ ಮೆಸೇಜ್ ಬರದಿದ್ದರೆ ಕೋಸ್ಟ್ ಗಾರ್ಡ್‌ಗೆ ಫೋನ್ ಮಾಡಬೇಕು ಎಂದೂ ಅದರಲ್ಲೇ ಬರೆದಿರಿ.

10. ವಾಪಸ್ ಕೊಡುವ ಮುನ್ನ

ಡೀಸೆಲ್ ತುಂಬಿಸಿ, ಕಕ್ಕಸಿನ ಟ್ಯಾಂಕ್ ಖಾಲಿ ಮಾಡಿಸಿ, ಹೊರಗೆ ಒಳಗೆ ಫೋಟೋ ತೆಗೆದುಕೊಳ್ಳಿ. ಮೂತಿಯ ಎರಡೂ ಬದಿ ಕಂದು ಕಲೆ ಕಟ್ಟಿರುತ್ತದೆ. ಬೋಟಿನವರು ಅದಕ್ಕೆ ಮೀಸೆ ಅನ್ನುತ್ತಾರೆ. ಆ ಕಾಲುವೆಗಳ ನೀರಿಗೆ ಮರದ ಎಲೆ ಬೇರಿನ ರಸ ಇಳಿದು ಕಾಫಿ ಡಿಕಾಕ್ಷನ್ ಬಣ್ಣ ಬಂದಿರುತ್ತದೆ, ಕಲೆ ಅದರದೇ. ಹಾನಿ ಏನಿಲ್ಲ, ಆದರೆ ಕೆಲವರು ತೊಳೆಯುವ ಖರ್ಚು ಹಾಕುತ್ತಾರೆ. ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ. ಹೋಗದಿದ್ದರೆ ಬೋಟಿನ ಅಂಗಡಿಯಲ್ಲಿ ಆಕ್ಸಾಲಿಕ್ ಆಸಿಡ್ ಇರುವ ಕ್ಲೀನರ್ ಸಿಗುತ್ತದೆ. ಕೈಗವಸು ಹಾಕಿಕೊಳ್ಳಿ.